'ಸಂ.' ಎಂಬ ಸಂಕ್ಷೇಪ ಮತ್ತು ಜನಪದ ಪಠ್ಯದ ಕರ್ತೃತ್ವ

ಕನ್ನಡದ ವಿದ್ವತ್ ಬರಹಗಳಲ್ಲಿ ಸಂಕ್ಷೇಪಾಕ್ಷರಗಳ ಬಳಕೆ ಬಹುಮಟ್ಟಿಗೆ ಅಭ್ಯಾಸಬಲದಿಂದ ನಡೆದುಬಂದಿದೆಯೇ ಹೊರತು ಅದರ ಹಿಂದೆ ಎಲ್ಲರೂ ಒಪ್ಪಿದ ನಿಯಮವೊಂದಿದೆ ಎನ್ನುವಂತಿಲ್ಲ. ಗ್ರಂಥದ ಆರಂಭದಲ್ಲಿ ಸಂಕ್ಷೇಪಗಳ ವಿವರಣೆಗೆ ಒಂದು ಪುಟ ಮೀಸಲಾಗಿದ್ದರೆ ಓದುಗ ಪುಣ್ಯವಂತ. ಇಲ್ಲದಿದ್ದರೆ ಸಂದರ್ಭವೇ ಗತಿ. ಹೀಗೆ ಸಂದರ್ಭವನ್ನೇ ನೆಚ್ಚಿಕೊಂಡ ಸಂಕ್ಷೇಪಗಳಲ್ಲಿ 'ಸಂ.' ಎಂಬುದು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಶೀರ್ಷಿಕೆ ಪುಟದಲ್ಲಿ ಅದು ಸಂಪಾದಕ, ನಿಯತಕಾಲಿಕದ ಉಲ್ಲೇಖದಲ್ಲಿ ಸಂಪುಟ, ಅದರ ಬೆನ್ನಿಗೇ ಸಂಚಿಕೆ, ನಿಘಂಟಿನಲ್ಲಿ ಸಂಸ್ಕೃತ, ಷಟ್ಪದಿ ಕಾವ್ಯದಲ್ಲಿ ಸಂಧಿ, ಕಾಲನಿರ್ದೇಶದಲ್ಲಿ ಸಂವತ್ಸರ, ಕಚೇರಿಯ ಪತ್ರದಲ್ಲಿ ಸಂಖ್ಯೆ, ಧ್ವನಿಸುರುಳಿಯ ಹೊದಿಕೆಯ ಮೇಲೆ ಸಂಗೀತ. ಜನಪದ ಗೀತೆಗಳ ಪುಸ್ತಕಕ್ಕೆ ಬಂದರೆ ಅದು ಸಂಪಾದಕನೋ ಸಂಗ್ರಾಹಕನೋ ಸಂಕಲನಕಾರನೋ ಎಂಬುದು ಪುಟ ತಿರುವಿದ ಮೇಲೂ ತಿಳಿಯದೆ ಉಳಿಯುವುದುಂಟು. ಈ ಕೊನೆಯ ಅಸ್ಪಷ್ಟತೆಯೇ ಪ್ರಸ್ತುತ ಲೇಖನದ ವಿಷಯ. ಉಳಿದೆಡೆ 'ಸಂ.' ಓದುಗನಿಗೆ ಕ್ಷಣಕಾಲದ ತೊಡಕು ತಂದೊಡ್ಡಿದರೆ, ಜಾನಪದದಲ್ಲಿ ಅದು ಹಾಡಿದವರ ಹೆಸರು ಇಲ್ಲದಿರುವುದನ್ನು ಕಾಣದಂತೆ ಮಾಡಿದೆ.

ಮೊದಲಿಗೆ ಈ ಅಕ್ಷರದ ಸ್ವರೂಪವನ್ನು ನೋಡಬೇಕು. 'ಸಂ' ಎಂಬುದು ಸಂಸ್ಕೃತದ ಉಪಸರ್ಗ. ಕೂಡಿ, ಚೆನ್ನಾಗಿ, ಪೂರ್ಣವಾಗಿ ಎಂಬ ಅರ್ಥಚ್ಛಾಯೆಗಳನ್ನು ಅದು ಧಾತುವಿಗೆ ತಂದುಕೊಡುತ್ತದೆ. ಸಂಗ್ರಹದಲ್ಲಿರುವುದು ಹಿಡಿಯುವ ಕ್ರಿಯೆ, ಸಂಧಿಯಲ್ಲಿ ಇರಿಸುವ ಕ್ರಿಯೆ, ಸಂಶೋಧನೆಯಲ್ಲಿ ಶುದ್ಧಗೊಳಿಸುವ ಕ್ರಿಯೆ, ಸಂಪಾದನೆಯಲ್ಲಿ ದೊರಕಿಸಿಕೊಳ್ಳುವ ಕ್ರಿಯೆ. ಯಾರು ಏನು ಮಾಡಿದರು ಎಂಬುದನ್ನು ಹೇಳುವುದು ಧಾತು. ಉಪಸರ್ಗ ಅದಕ್ಕೆ ಬಣ್ಣ ಕೊಡುವುದಷ್ಟೆ. ಸಂಕ್ಷೇಪಿಸುವಾಗ ಕನ್ನಡ ಲಿಪಿಯ ಪದ್ಧತಿಯಂತೆ ಮೊದಲ ಅಕ್ಷರವನ್ನು ಮಾತ್ರ ಉಳಿಸಿಕೊಂಡದ್ದರಿಂದ ಉಪಸರ್ಗ ಉಳಿಯಿತು, ಧಾತು ಬಿದ್ದುಹೋಯಿತು. 'ಕ.ಸಾ.ಪ.' ಎಂದಾಗ ಕನ್ನಡ, ಸಾಹಿತ್ಯ, ಪರಿಷತ್ತು ಮೂರೂ ಪರಸ್ಪರ ಕಾಯ್ದುಕೊಳ್ಳುತ್ತವೆ. ಒಂಟಿಯಾಗಿ ನಿಂತ 'ಸಂ.'ಗೆ ಅಂಥ ಆಸರೆ ಇಲ್ಲ. ಸಂಕ್ಷೇಪ ಎಂಬ ಮಾತೂ ಇದೇ ಉಪಸರ್ಗದಿಂದ ಆರಂಭವಾಗುತ್ತದೆ ಎಂಬುದು ಆಕಸ್ಮಿಕವಾದರೂ ಸೊಗಸಾದ ಸಂಗತಿ.

ಬೇರೆ ಕ್ಷೇತ್ರಗಳಲ್ಲಿ ಈ ಸಂಕ್ಷೇಪದ ವ್ಯವಹಾರವನ್ನು ಸ್ಥೂಲವಾಗಿ ಗಮನಿಸಬಹುದು. ಉತ್ತರ ಭಾರತದ ಶಾಸನಗಳಲ್ಲಿ 'ಸಂ' ಎಂದರೆ ಸಂವತ್. ಅದರ ಮುಂದೆ ಬರುವುದು ವರ್ಷದ ಎಣಿಕೆ. ಶಕವರ್ಷವೂ ಅರವತ್ತು ಸಂವತ್ಸರಗಳ ಹೆಸರುಗಳೂ ರೂಢಿಯಲ್ಲಿದ್ದ ಕನ್ನಡನಾಡಿನ ಕಾಲನಿರ್ದೇಶಗಳಲ್ಲಿ ಅದೇ ಅಕ್ಷರ ಹೆಸರಿನ ಹಿಂದೆ ಬಂದು ಸಂವತ್ಸರವನ್ನು ಸೂಚಿಸುತ್ತದೆ. ಒಂದು ಕಡೆ ಲೆಕ್ಕ, ಇನ್ನೊಂದು ಕಡೆ ನಾಮಧೇಯ. ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ನಾಮಧೇಯದಿಂದ ಮಾತ್ರವೇ ಕಾಲ ನಿರ್ಣಯಿಸಲಾಗದು ಎಂಬುದನ್ನು ಶಾಸನತಜ್ಞರು ಬಲ್ಲರು. ಆದ್ದರಿಂದ ಅವರು ತಿಥಿ, ವಾರ, ಅರಸನ ಹೆಸರು ಎಲ್ಲವನ್ನೂ ತಾಳೆ ನೋಡುತ್ತಾರೆ. ಕುಮಾರವ್ಯಾಸನ ಭಾರತವನ್ನು ಉಲ್ಲೇಖಿಸುವವರು ಪರ್ವದ ಹೆಸರನ್ನು ಮೊದಲು ಬರೆದು ಬಳಿಕ 'ಸಂ.' ಎಂದು ಅಂಕಿ ಹಾಕುವುದರಿಂದ ಅಲ್ಲಿಯೂ ಗೊಂದಲವಿಲ್ಲ. ಪದದ ಮುಂದೆಯೇ ಮೂಲಭಾಷೆಯನ್ನು ಸೂಚಿಸುವ ಪದ್ಧತಿಯಿರುವುದರಿಂದ ನಿಘಂಟಿನಲ್ಲಿ ಅದು ಸಂಸ್ಕೃತವಲ್ಲದೆ ಬೇರೆ ಆಗಲಾರದು. ನಿಯತಕಾಲಿಕಗಳ ಉಲ್ಲೇಖದಲ್ಲಿ ಮಾತ್ರ 'ಸಂ. 12, ಸಂ. 3' ಎಂಬ ವಿಚಿತ್ರ ಜೋಡಣೆ ಕಾಣಸಿಗುತ್ತದೆ. ಮೊದಲನೆಯದು ಸಂಪುಟ, ಎರಡನೆಯದು ಸಂಚಿಕೆ ಎಂಬುದು ಸ್ಥಾನಬಲದಿಂದಷ್ಟೇ ತಿಳಿಯಬೇಕು. ಒಂದು ಅಂಕಿ ಬಿಟ್ಟುಹೋದರೆ ಉಳಿದದ್ದು ಯಾವುದೆಂದು ಹೇಳುವವರಿಲ್ಲ.

ಇಂಗ್ಲಿಷಿನಲ್ಲೂ 'ಎಡ್.' ಎಂಬುದು ಸಂಪಾದಕನಿಗೂ ಆವೃತ್ತಿಗೂ ಸಲ್ಲುತ್ತದೆ. ಆದರೆ ಸಂಗ್ರಹಿಸಿದವನಿಗೆ, ಸಂಕಲಿಸಿದವನಿಗೆ ಅಲ್ಲಿ ಬೇರೆ ಸಂಕ್ಷೇಪಗಳಿವೆ. ಮರಾಠಿ ಮತ್ತು ಹಿಂದಿಯ ಹಲವು ಪ್ರಕಟಣೆಗಳಲ್ಲಿ ಸಂಪಾದಕನನ್ನು 'ಸಂಪಾ.' ಎಂದು ಬರೆಯುವುದರಿಂದ ಧಾತುವಿನ ಮೊದಲಕ್ಷರವಾದರೂ ಉಳಿದುಕೊಂಡಿದೆ. ಕನ್ನಡದಲ್ಲಿಯೂ ವಿರಳವಾಗಿ ಈ ರೂಪ ಕಾಣುತ್ತದೆ. ಇದೇ ಕ್ರಮದಲ್ಲಿ ಸಂಚಿಕೆಯನ್ನು 'ಸಂಚಿ.' ಎಂದು ಬರೆಯಹೊರಟರೆ ಎಲೆಯಡಿಕೆಯ ಚೀಲವೂ, ಅದನ್ನು ಹಿಡಿದು ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮನೂ ನೆನಪಾಗುವುದು ಅನಿವಾರ್ಯ. ಅದೇನೂ ದೊಡ್ಡ ನಷ್ಟವಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಜನಪದ ಪಠ್ಯಗಳ ಶೀರ್ಷಿಕೆ ಪುಟಕ್ಕೆ 'ಸಂ.' ಬಂದದ್ದು ಗ್ರಂಥಸಂಪಾದನಶಾಸ್ತ್ರದ ದಾರಿಯಿಂದ. ಓಲೆಯ ಪ್ರತಿಗಳನ್ನು ಹುಡುಕಿ, ಪಾಠಗಳನ್ನು ಹೋಲಿಸಿ, ಕವಿಪಾಠಕ್ಕೆ ಸಮೀಪವಾದ ಪಠ್ಯವನ್ನು ನಿರ್ಣಯಿಸುವ ಶಿಸ್ತು ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಬೆಳೆಯಿತು, ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಅದಕ್ಕೊಂದು ಶಾಸ್ತ್ರಗ್ರಂಥವನ್ನು ಒದಗಿಸಿತು. ಆ ಶಿಸ್ತಿನಲ್ಲಿ ಸಂಪಾದಕ ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. ಕೃತಿಗೆ ಕವಿ ಬೇರೆ ಇದ್ದಾನೆ. ಅವನ ಹೆಸರು ಮೇಲೆ, ಸಂಪಾದಕನ ಹೆಸರು ಕೆಳಗೆ. ಅಷ್ಟೇ ಅಲ್ಲ, ಸಂಪಾದಕ ಬಳಸಿದ ಪ್ರತಿಯೊಂದು ಓಲೆಗೂ ಕ, ಖ, ಗ, ಘ ಎಂಬ ಸಂಕೇತವಿದೆ. ಯಾವ ಪ್ರತಿ ಎಲ್ಲಿ ದೊರೆಯಿತು, ಎಷ್ಟು ಗರಿ, ಯಾರ ಕೈಬರಹ, ಎಲ್ಲಿ ಹುಳು ತಿಂದಿದೆ ಎಂಬ ವಿವರ ಪೀಠಿಕೆಯಲ್ಲಿರುತ್ತದೆ. ಪುಟದ ಅಡಿಯಲ್ಲಿ ಪಾಠಾಂತರದೊಡನೆ ಆ ಸಂಕೇತವೂ ಬರುತ್ತದೆ.

ಈ ಮಾದರಿಯನ್ನು ಜನಪದ ಗೀತೆಗೆ ಅನ್ವಯಿಸಿದಾಗ ಸಂಪಾದಕ ಎಂಬ ಪದವಿ ಮಾತ್ರ ಬಂದಿತು, ಸಂಕೇತಗಳ ಶಿಸ್ತು ಬರಲಿಲ್ಲ. ಹುಳು ತಿಂದ ಓಲೆಗೆ ಒಂದು ಅಕ್ಷರ ಸಂದಿತು. ರಾತ್ರಿಯಿಡೀ ಕುಳಿತು ಹಾಡಿದ ಮುದುಕಿಗೆ ಒಂದು ಅಕ್ಷರವೂ ಸಲ್ಲಲಿಲ್ಲ. ಓಲೆ ಪ್ರತಿಯಲ್ಲಿ ಭಿನ್ನಪಾಠವಿದ್ದರೆ ಅದು ಅಡಿಟಿಪ್ಪಣಿಗೆ ಅರ್ಹವಾಯಿತು. ಇಬ್ಬರು ಹಾಡುಗಾರ್ತಿಯರ ಪಾಠ ಭಿನ್ನವಾಗಿದ್ದರೆ ಸಂಪಾದಕ ತನಗೆ ಚೆಂದವೆನಿಸಿದ್ದನ್ನು ಆರಿಸಿಕೊಂಡು ಎರಡನ್ನೂ ಬೆಸೆದು ಒಂದು ಹಾಡನ್ನಾಗಿ ಮಾಡಲು ಅಡ್ಡಿಯಿರಲಿಲ್ಲ. ಗ್ರಂಥಸಂಪಾದನೆಯಲ್ಲಿ ಇಂಥ ಬೆಸುಗೆಯನ್ನು ದೋಷವೆಂದು ಎಣಿಸುವ ವಿದ್ವಾಂಸರೇ ಜನಪದ ಪಠ್ಯದಲ್ಲಿ ಅದನ್ನು ಸಂಪಾದಕನ ರಸಜ್ಞತೆಯೆಂದು ಮೆಚ್ಚಿಕೊಂಡಿರುವುದು ಸೋಜಿಗದ ಸಂಗತಿ.

ಸಂಗ್ರಹದ ಚರಿತ್ರೆಯನ್ನು ಈ ದೃಷ್ಟಿಯಿಂದ ಮರಳಿ ನೋಡುವುದು ಉಪಯುಕ್ತ. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಗ್ರಂಥವನ್ನು ಪ್ರಕಟಿಸಿದಾಗ ಅದರ ಕನ್ನಡ ಭಾಗದಲ್ಲಿ ದಾಸರ ಪದಗಳಿಗೆ ಮುಖ್ಯ ಸ್ಥಾನ ದೊರೆಯಿತು. ದಾಸರ ಪದಕ್ಕೆ ಅಂಕಿತವಿದೆ; ಯಾರು ಯಾವ ಭಾಷೆಗೆ ಒಯ್ದರೂ ಅದರ ಗುರುತು ಹಾಡಿನೊಳಗೇ ಉಳಿಯುತ್ತದೆ. ಜೆ.ಎಫ್. ಫ್ಲೀಟ್ 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದ ಲಾವಣಿಗಳನ್ನು ಪ್ರಕಟಿಸಿದರು. ಲಾವಣಿಕಾರನೂ ಕೊನೆಯ ನುಡಿಯಲ್ಲಿ ತನ್ನ ಊರನ್ನೋ ಗುರುವನ್ನೋ ಹೆಸರಿಸುವ ವಾಡಿಕೆಯುಳ್ಳವನು. ತತ್ವಪದಗಳಲ್ಲಿಯೂ ಇದೇ ರಕ್ಷಣೆ ಇದೆ. ಶರೀಫರ ಪದವನ್ನು ಯಾರ ಸಂಗ್ರಹದಲ್ಲಿ ಸೇರಿಸಿದರೂ ಶಿಶುನಾಳಧೀಶನನ್ನು ಅದರಿಂದ ಬೇರ್ಪಡಿಸಲಾಗದು. ಬೀಸುವ ಹಾಡು, ಸೋಬಾನೆ ಪದ, ಜೋಗುಳಗಳಿಗೆ ಅಂಕಿತದ ಈ ಕಾವಲು ಇಲ್ಲ. ಸಂಗ್ರಾಹಕ ಬರೆದುಕೊಳ್ಳದಿದ್ದರೆ ಹಾಡಿದವಳ ಗುರುತು ಅಲ್ಲಿಗೇ ಮುಗಿಯಿತು.

1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ 'ಗರತಿಯ ಹಾಡು' ಈ ಚರ್ಚೆಯಲ್ಲಿ ವಿಶೇಷ ಗಮನ ಬೇಡುವ ಗ್ರಂಥ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಬಳಗ ಸುತ್ತಲಿನ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡಿತು. ಓದುಗಲೋಕದ ನೆನಪಿನಲ್ಲಿ ಉಳಿದದ್ದು ಸಂಪಾದಕ ಎಂಬ ಪದವಿಯಲ್ಲ, 'ಗೆಳೆಯರು' ಎಂಬ ಸಮೂಹನಾಮ. ಗ್ರಂಥದ ಹೆಸರೂ ಅಷ್ಟೇ ಮುಖ್ಯ: ಹಾಡು ಗರತಿಯದು ಎಂದು ಷಷ್ಠೀ ವಿಭಕ್ತಿಯಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಒಡೆತನವನ್ನು ಇಷ್ಟು ಸರಳವಾಗಿ ಒಪ್ಪಿಸಿದ ಶೀರ್ಷಿಕೆ ಮುಂದಿನ ಸಂಗ್ರಹಗಳಲ್ಲಿ ಅಪರೂಪ. ಆದರೂ ಆ 'ಗರತಿ' ಏಕವಚನದ ಒಂದು ಮಾದರಿ, ವ್ಯಕ್ತಿಯಲ್ಲ. ಹಾಡಿದ ಹಲವು ಹೆಂಗಸರು ಒಬ್ಬ ಆದರ್ಶ ಗೃಹಿಣಿಯ ಚಿತ್ರದೊಳಗೆ ಕರಗಿಹೋದರು. ಗೆಳೆಯರ ಶ್ರಮಕ್ಕೆ ಇದರಿಂದ ಕುಂದಿಲ್ಲ. ಆ ಕಾಲಕ್ಕೆ ಹಾಡನ್ನು ಉಳಿಸುವುದೇ ತುರ್ತಾಗಿತ್ತು. 1933ರಲ್ಲಿ ಪ್ರಕಟವಾದ ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದಹಳ್ಳಿ ಹಳ್ಳಿಯ ಹಾಡು' ಇನ್ನೊಂದು ದಾರಿಯನ್ನು ತೋರಿತು. ಅಲ್ಲಿ ಬಂಡಿಹೊಳೆ ಎಂಬ ಒಂದೇ ಊರು, ಅದರ ಬದುಕು, ಆ ಬದುಕಿನ ನಡುವೆ ಹಾಡು. ಊರಿನ ಹೆಸರು ತಪ್ಪದಿದ್ದರೆ ಹಾಡಿನವರ ಜಾಡು ಹಿಡಿಯುವುದು ಸುಲಭ. ದುರ್ದೈವವೆಂದರೆ ಮುಂದಿನ ತಲೆಮಾರಿನ ಬಹುಪಾಲು ಸಂಗ್ರಹಕಾರರು ಬಂಡಿಹೊಳೆಯ ಮಾದರಿಯನ್ನು ಬಿಟ್ಟು, ಊರು ಹೆಸರುಗಳಿಲ್ಲದ ಹಾಡುಗಳ ರಾಶಿಯನ್ನೇ ಆದರ್ಶವೆಂದು ತಿಳಿದರು.

'ಸಂ.' ಮುಚ್ಚಿಡುವ ಕೆಲಸಗಳು ಯಾವುವು ಎಂಬುದನ್ನು ಬಿಡಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕ್ಷೇತ್ರಕ್ಕೆ ಹೋಗಿ, ಹಾಡುವವರ ಬಿಡುವು ಕಾದು, ಕೇಳಿ ಬರೆದುಕೊಂಡವನು ಅಥವಾ ಮುದ್ರಿಸಿಕೊಂಡವನು ಸಂಗ್ರಾಹಕ. ಹಾಗೆ ತಂದ ಧ್ವನಿಯನ್ನು ಲಿಪಿಗೆ ಇಳಿಸಿ, ಸಾಲು ಒಡೆದು, ಪಲ್ಲವಿ ಗುರುತಿಸಿ, ಪ್ರಾದೇಶಿಕ ಉಚ್ಚಾರಣೆಯನ್ನು ಎಷ್ಟರಮಟ್ಟಿಗೆ ಉಳಿಸಬೇಕೆಂದು ತೀರ್ಮಾನಿಸಿ, ಅರ್ಥಕೋಶ ಸೇರಿಸುವವನು ಸಂಪಾದಕ. ಈಗಾಗಲೇ ಅಚ್ಚಾದ ಪುಸ್ತಕಗಳಿಂದ ಆರಿಸಿ ಜೋಡಿಸುವವನು ಸಂಕಲನಕಾರ. ಅವನು ಊರ ಬಾಗಿಲನ್ನೇ ತುಳಿದಿರಬೇಕಾಗಿಲ್ಲ. ಮೂರೂ ಗೌರವದ ಕೆಲಸಗಳೇ. ಮೂರನ್ನೂ ಒಬ್ಬರೇ ಮಾಡಿದ ನಿದರ್ಶನಗಳೂ ಉಂಟು. ಮೂರಕ್ಕೂ ಒಂದೇ ಅಕ್ಷರ ಬಿದ್ದಾಗ ಕ್ಷೇತ್ರಕ್ಕೆ ಹೋದವರು ಯಾರು ಎಂಬ ಪ್ರಶ್ನೆಗೆ ಶೀರ್ಷಿಕೆ ಪುಟದಲ್ಲಿ ಉತ್ತರ ಸಿಗುವುದಿಲ್ಲ. ಹಳ್ಳಿಯ ಮೇಷ್ಟರು, ಸಂಶೋಧನ ಸಹಾಯಕರು, ಸ್ನಾತಕೋತ್ತರ ವಿದ್ಯಾರ್ಥಿಗಳು ತಂದ ಹಾಡುಗಳು ಹಿರಿಯರೊಬ್ಬರ ಹೆಸರಿನ ಮುಂದಿನ 'ಸಂ.'ನಲ್ಲಿ ಲೀನವಾಗಲು ಇಲ್ಲಿ ಅನುಕೂಲವಿದೆ.

ಬಳಿಕ ನಡೆಯುವುದು ಉಲ್ಲೇಖದ ಸರಪಳಿ. ಮೊದಲ ಲೇಖಕ ಪುಸ್ತಕವನ್ನು ಉಲ್ಲೇಖಿಸುವಾಗ ಹೆಸರಿನ ಮುಂದೆ ಕಂಸದಲ್ಲಿ 'ಸಂ.' ಹಾಕುತ್ತಾನೆ. ಅವನ ಲೇಖನದಿಂದ ಎತ್ತಿಕೊಳ್ಳುವ ಎರಡನೆಯವನು ಕಂಸವನ್ನು ಬಿಡುತ್ತಾನೆ. ಮೂರನೆಯವನ ಬರಹದಲ್ಲಿ ಆ ತ್ರಿಪದಿ ಸಂಪಾದಕನದೇ ಎಂಬಂತೆ ಕಾಣಿಸಿಕೊಳ್ಳುತ್ತದೆ. ಹೀಗೆ ಯಾರ ದುರುದ್ದೇಶವೂ ಇಲ್ಲದೆ ಕರ್ತೃತ್ವ ಕೈಬದಲಾಗುತ್ತದೆ. ಹಳ್ಳಿಯ ಆಡುಮಾತಿನಲ್ಲಿ ಸಂಪಾದನೆ ಎಂದರೆ ದುಡ್ಡು ಗಳಿಸುವುದು ಎಂಬುದನ್ನು ಇಲ್ಲಿ ನೆನೆಯಬೇಕು. ಹಾಡು ಬರೆದುಕೊಂಡು ಹೋದವರು ಸಂಪಾದಕರಾದರು ಎಂದು ಕೇಳಿದ ಹಾಡುಗಾರ ಅದನ್ನು ತನ್ನ ಭಾಷೆಯಲ್ಲಿ ಅರ್ಥಮಾಡಿಕೊಂಡರೆ ಅವನನ್ನು ದೂರುವಂತಿಲ್ಲ.

ಇದಕ್ಕೆ ಎದುರಾಗಿ ಒಂದು ಗಂಭೀರ ವಾದವಿದೆ. ಜಾನಪದ ಸಮೂಹದ ಸೃಷ್ಟಿ. ಹಾಡುವವಳು ವಾಹಕಳೇ ಹೊರತು ಕರ್ತೃವಲ್ಲ. ಅವಳನ್ನು ಕೇಳಿದರೂ 'ನಮ್ಮವ್ವ ಹಾಡತಿದ್ಲು' ಎನ್ನುತ್ತಾಳೆ. ಒಬ್ಬಳ ಹೆಸರು ಹಾಕಿದರೆ ಸಮೂಹಕ್ಕೆ ಅನ್ಯಾಯ ಎಂಬುದು ಆ ವಾದ. ಬೀಸುಕಲ್ಲಿನ ತ್ರಿಪದಿಯ ಮಟ್ಟಿಗೆ ಇದರಲ್ಲಿ ಹುರುಳಿದೆ. ಮೂರು ಸಾಲಿನ ಹಾಡು ತವರಿನಿಂದ ಗಂಡನ ಮನೆಗೆ, ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೆಣ್ಣುಮಕ್ಕಳೊಡನೆ ಸಾಗುವಂಥದು. ಆದರೆ ಹಾಡನ್ನು ಸೃಷ್ಟಿಸಿದವರು ಯಾರು ಎಂಬ ಪ್ರಶ್ನೆ ಬೇರೆ, ಈ ಪಾಠವನ್ನು ಕೊಟ್ಟವರು ಯಾರು ಎಂಬ ಪ್ರಶ್ನೆ ಬೇರೆ. ಓಲೆಯನ್ನು ಪ್ರತಿಮಾಡಿದ ಲಿಪಿಕಾರನೂ ಕರ್ತೃವಲ್ಲ. ಆದರೂ ಅವನ ಹೆಸರು ದೊರೆತರೆ ಯಾವ ಸಂಪಾದಕನೂ ಅದನ್ನು ಕೈಬಿಡುವುದಿಲ್ಲ. ಸಮೂಹದ ಹೆಸರಿನಲ್ಲಿ ಹಾಡುಗಾರ್ತಿಯನ್ನು ಬಿಟ್ಟವರು ಸಂಪಾದಕನ ಹೆಸರನ್ನೂ ಸಮೂಹಕ್ಕೆ ಅರ್ಪಿಸಿದ ಉದಾಹರಣೆ ವಿರಳವೆಂಬುದನ್ನೂ ಗಮನಿಸಬೇಕು.

ದೀರ್ಘ ಕಾವ್ಯಗಳಿಗೆ ಬಂದರಂತೂ ಈ ವಾದ ನಿಲ್ಲುವುದಿಲ್ಲ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ಸಾಲುಗಳಾಗಿ ಹಾಡುತ್ತಾರೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಯಾವ ಸಾಲನ್ನು ಹಿಗ್ಗಿಸಬೇಕು, ಯಾವುದನ್ನು ಎರಡೇ ಮಾತಿನಲ್ಲಿ ದಾಟಿಸಬೇಕು, ಸೊಲ್ಲನ್ನು ಎಲ್ಲಿ ತರಬೇಕು ಎಂಬುದು ಮುಖ್ಯ ಗಾಯಕನ ಕೌಶಲಕ್ಕೆ ಬಿಟ್ಟದ್ದು. ಒಬ್ಬನ ಮಾದೇಶ್ವರ ಇನ್ನೊಬ್ಬನ ಮಾದೇಶ್ವರನಲ್ಲ. (ಈ ಸಾಲುಗಳನ್ನು ಉಲ್ಲೇಖಿಸುವಾಗ ಅಭ್ಯಾಸದಂತೆ 'ಸಂ.' ಎಂದು ಬರೆದುಬಿಟ್ಟರೆ ಗಾಯಕರ ಸಾಲು ಷಟ್ಪದಿಯ ಸಂಧಿಯಾಗಿ ರೂಪಾಂತರಗೊಳ್ಳುವ ಅಪಾಯವೂ ಇದೆ.) ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದ ಮಾದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ಅನುವಾದಿಸಿ, ಸಾಹಿತ್ಯ ಅಕಾದೆಮಿ ಅದನ್ನು 2001ರಲ್ಲಿ ಪ್ರಕಟಿಸಿದಾಗ ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ್ದು ಎಂಬುದು ಗ್ರಂಥದ ಉಪಶೀರ್ಷಿಕೆಯಲ್ಲಿಯೇ ಸೇರಿತು. ಹಾಡಿದವರು, ಸಂಗ್ರಹಿಸಿದವರು, ಅನುವಾದಿಸಿದವರು, ಮೂವರಿಗೂ ಬೇರೆ ಬೇರೆ ಸ್ಥಾನ ದೊರೆಯಿತು. ಅದಕ್ಕೂ ಮೊದಲು 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ತುಳುವಿನ ಸಿರಿ ಮಹಾಕಾವ್ಯದ ಹೆಸರೇ ಗೋಪಾಲ ನಾಯ್ಕರು ಪ್ರದರ್ಶಿಸಿದ ಸಿರಿ ಕಾವ್ಯ ಎಂದಿದೆ. ಲೌರಿ ಹೊಂಕೊ, ಅನೇಲಿ ಹೊಂಕೊ, ಬಿ.ಎ. ವಿವೇಕ ರೈ, ಚಿನ್ನಪ್ಪಗೌಡರು ಕೂಡಿ ಸಿದ್ಧಪಡಿಸಿದ ಈ ಪಠ್ಯ 15,683 ಸಾಲುಗಳದು. ಅಷ್ಟು ಸಾಲುಗಳನ್ನು ನೆನಪಿನಿಂದ ಕಟ್ಟಿಕೊಟ್ಟ ಮನುಷ್ಯನನ್ನು 'ಮಾಹಿತಿದಾರ' ಎಂದು ಕರೆಯಲು ಅಲ್ಲಿನ ವಿದ್ವಾಂಸರಿಗೆ ಮನಸ್ಸಾಗಲಿಲ್ಲ.

ಹೆಸರಿಸುವುದು ಪಾಶ್ಚಾತ್ಯ ಪದ್ಧತಿ, ನಮ್ಮ ಪರಂಪರೆಗೆ ಹೊರಗಿನದು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಕನ್ನಡದ ಬಹು ದೊಡ್ಡ ಸಂಕಲನಗ್ರಂಥವಾದ ಶೂನ್ಯಸಂಪಾದನೆಯೇ ಇದಕ್ಕೆ ಉತ್ತರ. ಅದನ್ನು ಕಟ್ಟಿದವರು ಅನೇಕ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೊಸದಾಗಿ ಜೋಡಿಸಿದರು, ಸನ್ನಿವೇಶಗಳನ್ನೂ ಕಲ್ಪಿಸಿದರು. ಆದರೆ ವಚನದ ಅಂಕಿತ ವಚನದಲ್ಲಿಯೇ ಉಳಿಯಿತು. ಗುಹೇಶ್ವರನ ಮಾತು ಯಾವುದು, ಕೂಡಲಸಂಗಮದೇವನ ಮಾತು ಯಾವುದು ಎಂಬಲ್ಲಿ ಓದುಗನಿಗೆ ಸಂದೇಹವಿಲ್ಲ. ಐದಾರು ಶತಮಾನಗಳ ಹಿಂದೆಯೇ ಇಷ್ಟು ನಿಚ್ಚಳವಾಗಿದ್ದ ವಿವೇಕ ಮುದ್ರಣಯುಗದ ಜನಪದ ಸಂಗ್ರಹಗಳಲ್ಲಿ ಮಸುಕಾದುದಕ್ಕೆ ಪರಂಪರೆಯನ್ನು ಹೊಣೆಮಾಡುವುದು ಸರಿಯಲ್ಲ.

ಧ್ವನಿಸುರುಳಿಗಳ ಕಾಲದಲ್ಲಿ ಇದೇ ಸಮಸ್ಯೆ ಇನ್ನೊಂದು ವೇಷದಲ್ಲಿ ಬಂದಿತು. ಹೊದಿಕೆಯ ಮೇಲೆ 'ಸಾಹಿತ್ಯ: ಜಾನಪದ' ಎಂದೂ ಅದರ ಕೆಳಗೆ 'ಸಂ.' ಎಂದು ಒಬ್ಬರ ಹೆಸರೂ ಇರುತ್ತಿದ್ದುದನ್ನು ಹಲವರು ಕಂಡಿದ್ದಾರೆ. ಇಲ್ಲಿ 'ಸಂ.' ಎಂದರೆ ಸಂಗೀತ. ಕೀಬೋರ್ಡು, ತಬಲ ಸೇರಿಸಿದ್ದಕ್ಕೆ ಸಂಗೀತವೆಂದು ಹೆಸರಾದರೆ ಹಾಡಿನ ಮೂಲಧಾಟಿ ಯಾರದು? ಸಾಹಿತ್ಯದ ಸ್ಥಾನದಲ್ಲಾದರೂ ಜಾನಪದ ಎಂಬ ಮಾತು ಉಳಿಯಿತು. ಧಾಟಿಯ ಸ್ಥಾನದಲ್ಲಿ ಅದೂ ಉಳಿಯಲಿಲ್ಲ. ಮಾರಾಟದ ವಸ್ತುವಾದ್ದರಿಂದ ಇಲ್ಲಿನ ಅಸ್ಪಷ್ಟತೆಗೆ ಹಣದ ಲೆಕ್ಕವೂ ಅಂಟಿಕೊಂಡಿದೆ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿ ಮುಂದುವರಿದಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು; ಪ್ರದರ್ಶಕ ಎಂಬುದರ ವ್ಯಾಖ್ಯೆಯಲ್ಲಿ ಗಾಯಕ, ನರ್ತಕರ ಜೊತೆಗೆ ದೊಂಬರಾಟದವನೂ ಹಾವಾಡಿಗನೂ ಸೇರಿದ್ದಾರೆ. 2012ರ ತಿದ್ದುಪಡಿಯಲ್ಲಿ ಪ್ರದರ್ಶಕನೆಂದು ತನ್ನನ್ನು ಗುರುತಿಸಬೇಕೆಂದು ಕೇಳುವ ನೈತಿಕ ಹಕ್ಕೂ ಸೇರಿತು. ಈ ಹಕ್ಕುಗಳು ಮುಖ್ಯವಾಗಿ ಧ್ವನಿ ಮತ್ತು ದೃಶ್ಯ ಮುದ್ರಣ, ಪ್ರಸಾರಗಳಿಗೆ ಸಂಬಂಧಿಸಿದವು. ಹಾಡು ಅಕ್ಷರವಾಗಿ ಪುಸ್ತಕ ಸೇರಿದಾಗ ಗಾಯಕನ ಸ್ಥಾನ ಯಾವುದೆಂಬುದನ್ನು ವಿದ್ವತ್ ಲೋಕವೇ ತನ್ನ ರೂಢಿಯಿಂದ ತೀರ್ಮಾನಿಸಬೇಕಾಗಿದೆ.

ಗ್ರಂಥಾಲಯಗಳ ಪಾತ್ರ ಇಲ್ಲಿ ಚಿಕ್ಕದಲ್ಲ. ಸೂಚೀಕರಣ ಮಾಡುವವರು ಶೀರ್ಷಿಕೆ ಪುಟವನ್ನು ನಂಬಿ ನಡೆಯುವವರು, ಅಲ್ಲಿ 'ಸಂ.' ಎಂದಿದ್ದರೆ ಸಂಪಾದಕ ಎಂದು ದಾಖಲಿಸುವುದು ಅವರ ಧರ್ಮ. ಗಣಕಸೂಚಿಯ 'ಮಾರ್ಕ್' ಪದ್ಧತಿಯಲ್ಲಿ ಸಂಪಾದಕ, ಸಂಕಲನಕಾರ, ಗಾಯಕ, ಕಥೆ ಹೇಳುವವ, ಹೀಗೆ ಒಂದೊಂದು ಪಾತ್ರಕ್ಕೂ ಮೂರಕ್ಷರದ ಪ್ರತ್ಯೇಕ ಸಂಕೇತಗಳಿವೆ. ಸಂಗ್ರಾಹಕನಿಗೂ ಒಂದಿದೆ, ಆದರೆ ಅದು ವಸ್ತುಗಳನ್ನು ಕೂಡಿಹಾಕಿ ಭಂಡಾರ ಮಾಡುವವನನ್ನು ಕುರಿತದ್ದು, ಜಗಲಿಯ ಮೇಲೆ ಕುಳಿತು ಹಾಡು ಬರೆದುಕೊಂಡವನನ್ನಲ್ಲ. ಸಂಕೇತಗಳು ಎಷ್ಟೇ ಸೂಕ್ಷ್ಮವಾಗಿದ್ದರೂ ಮೂಲಪುಟದಲ್ಲಿ ಧಾತುವೇ ಬಿದ್ದುಹೋಗಿದ್ದರೆ ಸೂಚಿಕಾರ ಮಾಡುವುದೇನೂ ಇಲ್ಲ. ರೋಮನ್ ಲಿಪಿಗೆ ಇಳಿಸಿದ ಸೂಚಿಗಳಲ್ಲಿ ಇದನ್ನು 'ಸ್ಯಾಮ್' ಎಂಬ ವಿದೇಶೀ ವಿದ್ವಾಂಸನೆಂದು ಯಾರಾದರೂ ಓದಿಕೊಂಡರೆ ಅಚ್ಚರಿಪಡಬೇಕಾಗಿಲ್ಲ.

ಹೊಸ ಸಂಗ್ರಹಗಳಲ್ಲಿ 'ಸಂಗ್ರ.', 'ಸಂಪಾ.', 'ಸಂಕ.' ಎಂದು ಬಿಡಿಸಿ ಬರೆಯುವುದು, 'ಹಾಡಿದವರು' ಎಂಬ ಪದವನ್ನು ಸಂಕ್ಷೇಪಿಸದೆ ಪೂರ್ಣವಾಗಿ ಅಚ್ಚುಹಾಕುವುದು ಕಷ್ಟವೇನಲ್ಲ. ಕೆಲವು ಪ್ರಕಟಣೆಗಳಲ್ಲಿ ಗಾಯಕರ ಭಾವಚಿತ್ರ, ಊರು, ವಯಸ್ಸಿನ ವಿವರಗಳೂ ಬಂದಿವೆ. ಕಷ್ಟವಿರುವುದು ಹಳೆಯ ಸಂಗ್ರಹಗಳಲ್ಲಿ. ಅವುಗಳ ಮರುಮುದ್ರಣಗಳಲ್ಲಿ ಹೊಸ ಮುನ್ನುಡಿ, ಹೊಸ ಮುಖಪುಟ ಸೇರುತ್ತವೆ. ಹಾಡಿದವರ ಪಟ್ಟಿಯನ್ನು ಸೇರಿಸುವ ಯತ್ನ ನಡೆಯುವುದು ಅಪರೂಪ. ಸಂಗ್ರಾಹಕರ ಟಿಪ್ಪಣಿ ಪುಸ್ತಕಗಳ ಅಂಚಿನಲ್ಲಿ, ಧ್ವನಿಸುರುಳಿಯ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ, ಅಪ್ರಕಟಿತ ಪ್ರಬಂಧಗಳ ಅನುಬಂಧದಲ್ಲಿ ಹೆಸರುಗಳು ಉಳಿದಿರುವುದುಂಟು. ಸುರುಳಿಯ ಕಾಂತಲೇಪ ಉದುರುತ್ತದೆ, ಚೀಟಿಯ ಗೋಂದು ಒಣಗುತ್ತದೆ. ಧ್ವನಿಯನ್ನು ಗಣಕಕ್ಕೆ ವರ್ಗಾಯಿಸುವಾಗ ಡಬ್ಬಿಯ ಮೇಲಿನ ಚೀಟಿಯನ್ನೂ ಪ್ರತಿಮಾಡಿಟ್ಟುಕೊಳ್ಳುವ ಕೆಲಸಕ್ಕೆ ಪ್ರತ್ಯೇಕ ಅನುದಾನ ಬೇಕಾಗಿಲ್ಲ.